ಗ್ರಂಥ ಉಳಿಯುವುದು ಹೇಗೆ? ಬಾಯಿಪಾಠದಿಂದ ಸ್ಕ್ಯಾನ್‌ವರೆಗೆ

ಋಗ್ವೇದ ಇವತ್ತು ಮೊಬೈಲಿನಲ್ಲೇ ಸಿಗುತ್ತದೆ. ಭಗವದ್ಗೀತೆಯ 700 ಶ್ಲೋಕಗಳೂ ಅರ್ಥದ ಸಮೇತ ಸಿಗುತ್ತವೆ. ಉಪನಿಷತ್ತು, ಪುರಾಣ, ಆಗಮ, ಏನು ಬೇಕಾದರೂ ಹುಡುಕಿ ಓದಬಹುದು. ಹಾಗಿದ್ದ ಮೇಲೆ ಉಳಿಸಬೇಕು, ಉಳಿಸಬೇಕು ಅಂತ ಯಾಕೆ ಇಷ್ಟೊಂದು ಮಾತು? ಎಲ್ಲ ಉಳಿದೇ ಇದೆಯಲ್ಲ ಎಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ.

ಗ್ರಂಥ ಇರುವುದು ಬೇರೆ, ಅದನ್ನು ಬಲ್ಲವರು ಇರುವುದು ಬೇರೆ. ಹಿಂದೂ ಪರಂಪರೆಯಲ್ಲಿ ಈ ಅಂತರ ದೊಡ್ಡದು. ಯಾಕೆಂದರೆ ಇಲ್ಲಿನ ಬಹುಪಾಲು ತಿಳಿವಳಿಕೆ ಬಾಯಿಂದ ಕಿವಿಗೆ ಬಂದದ್ದು. ಪುಸ್ತಕ ಆಮೇಲೆ ಬಂತು. ಹೇಳಿಕೊಡುವವರ ಸಾಲು ಎಲ್ಲಿ ನಿಂತಿತೋ ಅಲ್ಲಿ ಗ್ರಂಥವೂ ನಿಂತಿತು. ಈಗ ಏನನ್ನು ಉಳಿಸಬೇಕು ಎಂದು ಕೇಳುವ ಮೊದಲು, ಇಲ್ಲಿಯವರೆಗೆ ಅದು ಹೇಗೆ ಉಳಿಯಿತು ಎಂದು ನೋಡೋಣ.

ಬಾಯಿಪಾಠದ ಹಿಂದಿನ ಲೆಕ್ಕ

ಋಗ್ವೇದದಲ್ಲಿ 10 ಮಂಡಲ, 1028 ಸೂಕ್ತ, ಹತ್ತು ಸಾವಿರಕ್ಕೂ ಜಾಸ್ತಿ ಮಂತ್ರಗಳಿವೆ. ಇಷ್ಟನ್ನೂ ಸ್ವರದ ಏರಿಳಿತದ ಸಮೇತ, ಬರವಣಿಗೆಯ ನೆರವಿಲ್ಲದೆ ತಲೆಮಾರುಗಳು ದಾಟಿಸಿಕೊಂಡು ಬಂದವು. ನೆನಪಿನ ಶಕ್ತಿ ಚೆನ್ನಾಗಿತ್ತು ಎಂದು ಹೇಳಿ ಮುಗಿಸಿಬಿಡುವ ವಿಷಯ ಅಲ್ಲ ಇದು. ನೆನಪು ಕೈಕೊಡುತ್ತದೆ ಎಂಬುದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕೈಕೊಟ್ಟರೂ ತಪ್ಪು ಸಿಕ್ಕಿಬೀಳುವಂತೆ ಅವರು ಒಂದು ವ್ಯವಸ್ಥೆ ಮಾಡಿಟ್ಟರು.

ಋಗ್ವೇದದ ಮೊದಲ ಮಂತ್ರವನ್ನೇ ತೆಗೆದುಕೊಳ್ಳಿ: ‘ಅಗ್ನಿಮೀಳೇ ಪುರೋಹಿತಂ ಯಜ್ಞಸ್ಯ ದೇವಮೃತ್ವಿಜಮ್’. ಹೀಗೆ ನೇರವಾಗಿ ಹೇಳುವುದು ಸಂಹಿತಾ ಪಾಠ. ಅದಾದ ಮೇಲೆ ಪದಪಾಠ. ಅದರಲ್ಲಿ ಸಂಧಿ ಬಿಡಿಸಿ ಅಗ್ನಿಂ, ಈಳೇ, ಪುರೋಹಿತಂ, ಯಜ್ಞಸ್ಯ ಎಂದು ಒಂದೊಂದೇ ಪದ ಹೇಳಬೇಕು. ಋಗ್ವೇದದ ಪದಪಾಠ ಮಾಡಿದವರು ಶಾಕಲ್ಯರು ಎಂದು ಪರಂಪರೆ ಹೇಳುತ್ತದೆ. ಮುಂದಿನದು ಕ್ರಮಪಾಠ. ಇದರಲ್ಲಿ ಎರಡೆರಡು ಪದ ಜೋಡಿಸಬೇಕು: ಅಗ್ನಿಂ ಈಳೇ, ಈಳೇ ಪುರೋಹಿತಂ, ಪುರೋಹಿತಂ ಯಜ್ಞಸ್ಯ. ಜಟಾಪಾಠದಲ್ಲಿ ಪ್ರತಿ ಜೋಡಿಯನ್ನೂ ಮುಂದೆ, ಹಿಂದೆ, ಮತ್ತೆ ಮುಂದೆ ಹೇಳಬೇಕು.

ಇವೆಲ್ಲಕ್ಕಿಂತ ಕಷ್ಟದ್ದು ಘನಪಾಠ. ಮೊದಲ ಮೂರು ಪದಗಳಿಗೆ ಅದು ಹೀಗೆ ಬರುತ್ತದೆ. ಸುಲಭವಾಗಲಿ ಎಂದು ಸಂಧಿ ಬಿಡಿಸಿ ಬರೆದಿದ್ದೇನೆ:

ಅಗ್ನಿಂ ಈಳೇ, ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ, ಪುರೋಹಿತಂ ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ.

ಇದು ಮುಗಿದ ಕೂಡಲೇ ‘ಈಳೇ’ ಎಂಬಲ್ಲಿಂದ ಶುರುಮಾಡಿ ಮುಂದಿನ ಮೂರು ಪದ. ಹೀಗೆ ಒಂದೊಂದೇ ಪದ ಸರಿಯುತ್ತಾ ಹೋಗಬೇಕು. ಬೇಕಾದರೆ ಎಣಿಸಿ ನೋಡಿ, ಸಾಲಿನ ನಡುವೆ ಬರುವ ಪ್ರತಿ ಪದವೂ 13 ಸಲ ಬಾಯಿಗೆ ಬರುತ್ತದೆ. ಒಂದು ಪದ ಬಿಟ್ಟುಹೋದರೆ ಇಡೀ ಹೆಣಿಗೆಯೇ ಕೂಡುವುದಿಲ್ಲ.

ಹಿಂದುಮುಂದಾಗಿ ಹೇಳುವುದರಲ್ಲಿ ಇನ್ನೊಂದು ಜಾಣತನವೂ ಇದೆ. ನೇರವಾಗಿ ಹೇಳುವಾಗ ಮನಸ್ಸು ಅರ್ಥದ ಹಿಂದೆ ಓಡುತ್ತದೆ. ಗೊತ್ತಿಲ್ಲದೆ ಒಂದು ಪದದ ಜಾಗಕ್ಕೆ ಅದೇ ಅರ್ಥದ ಇನ್ನೊಂದು ಪದ ನುಸುಳಬಹುದು. ಕಥೆ ಹೇಳುವಾಗ ನಮಗೆಲ್ಲ ಆಗುವುದು ಇದೇ ಅಲ್ವಾ? ತಿರುಗಿಸಿ ಹೇಳಿದಾಗ ಅರ್ಥದ ಓಟ ನಿಲ್ಲುತ್ತದೆ. ಉಳಿಯುವುದು ಶಬ್ದ ಮಾತ್ರ. ಹಾಗಾಗಿ ಶಬ್ದ ಕೆಡಲಿಲ್ಲ.

ಕಲಿಸುವ ರೀತಿಯೂ ಅಷ್ಟೇ ಬಿಗಿ. ಗುರು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ಇದಕ್ಕೆ ಸಂತೆ ಹೇಳುವುದು ಎನ್ನುತ್ತಾರೆ. ಸ್ವರ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಗುರು ಕೈಯ ಚಲನೆಯಲ್ಲೂ ತೋರಿಸುತ್ತಾರೆ. ಸ್ವರದಲ್ಲಿ ಅನುದಾತ್ತ, ಸ್ವರಿತ, ಉದಾತ್ತ ಎಂದು ಮೂರು ಬಗೆ. ಅಚ್ಚಾದ ಪುಸ್ತಕದಲ್ಲಿ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ ಇರುತ್ತದೆ, ಸ್ವರಿತಕ್ಕೆ ಮೇಲೆ ನಿಲುವುಗೆರೆ ಇರುತ್ತದೆ, ಉದಾತ್ತಕ್ಕೆ ಗುರುತೇ ಇರುವುದಿಲ್ಲ. ಗೆರೆ ನೋಡಿಕೊಂಡು ಒಬ್ಬರೇ ಕಲಿಯಲು ಕೂತರೆ ಆಗದ ಕೆಲಸ. ತಿದ್ದುವ ಕಿವಿ ಎದುರಿಗೆ ಬೇಕು. ಈ ವೇದಪಠಣ ಪರಂಪರೆಯನ್ನು ಯುನೆಸ್ಕೋ 2003ರಲ್ಲಿ ಮನುಕುಲದ ಮೌಖಿಕ ಪರಂಪರೆಯ ಮಹತ್ಕೃತಿಗಳಲ್ಲಿ ಒಂದು ಎಂದು ಘೋಷಿಸಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಇಷ್ಟು ಗಟ್ಟಿ ವ್ಯವಸ್ಥೆ ಇದ್ದೂ ಎಷ್ಟು ಕಳೆದುಕೊಂಡೆವು ನೋಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಪತಂಜಲಿ ತಮ್ಮ ಮಹಾಭಾಷ್ಯ ಎಂಬ ವ್ಯಾಕರಣ ಗ್ರಂಥದಲ್ಲಿ ವೇದಗಳ ಶಾಖೆಗಳನ್ನು, ಅಂದರೆ ಬೇರೆ ಬೇರೆ ಪಾಠ ಪರಂಪರೆಗಳನ್ನು, ಲೆಕ್ಕ ಹಾಕಿದ್ದಾರೆ. ಋಗ್ವೇದಕ್ಕೆ 21, ಯಜುರ್ವೇದಕ್ಕೆ 101, ಸಾಮವೇದಕ್ಕೆ 1000, ಅಥರ್ವಕ್ಕೆ 9. ಈಗ ಪಾಠ ನಡೆಯುತ್ತಿರುವವು ಬೆರಳೆಣಿಕೆಯಷ್ಟು. ಋಗ್ವೇದ ಕಲಿಯುವವರು ಹೆಚ್ಚಾಗಿ ಶಾಕಲ ಶಾಖೆಯವರು. ಯಜುರ್ವೇದದಲ್ಲಿ ತೈತ್ತಿರೀಯ, ಮಾಧ್ಯಂದಿನ, ಕಾಣ್ವ ಚೆನ್ನಾಗಿ ನಡೆದಿವೆ. ಸಾಮವೇದದಲ್ಲಿ ಕೌಥುಮ, ರಾಣಾಯನೀಯ, ಜೈಮಿನೀಯ ಎಂಬ ಮೂರು. ಉಳಿದವುಗಳಲ್ಲಿ ಹೆಚ್ಚಿನವು ಹೆಸರಷ್ಟೇ. ವಿಧಾನದಲ್ಲಿ ಕೊರತೆ ಇರಲಿಲ್ಲ. ಕಲಿಯಲು ಮಕ್ಕಳಿಲ್ಲದ ಮನೆ, ಆಶ್ರಯ ಕೊಡುವವರಿಲ್ಲದ ಊರು, ವಲಸೆ, ಯುದ್ಧ, ಹೊಟ್ಟೆಪಾಡು. ಒಂದೇ ಒಂದು ತಲೆಮಾರು ಕಲಿಯದಿದ್ದರೆ ಸಾಕು, ಅಲ್ಲಿಗೆ ಮುಗಿಯಿತು.

ಕೆಲವೊಮ್ಮೆ ಹೋಯಿತು ಎಂದುಕೊಂಡದ್ದು ಸಿಕ್ಕಿದ್ದೂ ಇದೆ. ಅಥರ್ವವೇದದ ಪೈಪ್ಪಲಾದ ಶಾಖೆ ಹಾಗೆ ಸಿಕ್ಕಿದ್ದು. 19ನೇ ಶತಮಾನದಲ್ಲಿ ವಿದ್ವಾಂಸರಿಗೆ ದೊರೆತದ್ದು ಕಾಶ್ಮೀರದ ಒಂದು ಭೂರ್ಜಪತ್ರದ (ಮರದ ತೊಗಟೆಯ) ಪ್ರತಿ. ಅದು ಜರ್ಮನಿಯ ಟ್ಯೂಬಿಂಗನ್ ಸೇರಿತು. ತಪ್ಪುಗಳಿಂದ ತುಂಬಿದ್ದ ಆ ಪ್ರತಿಯನ್ನು ಇಟ್ಟುಕೊಂಡು ವಿದ್ವಾಂಸರು ದಶಕಗಟ್ಟಲೆ ಒದ್ದಾಡಿದರು. 1950ರ ದಶಕದಲ್ಲಿ ದುರ್ಗಾಮೋಹನ ಭಟ್ಟಾಚಾರ್ಯರು ಒಡಿಶಾದ ಹಳ್ಳಿಗಳಲ್ಲಿ ಹುಡುಕಿದಾಗ ಅದೇ ಶಾಖೆಗೆ ಸೇರಿದ ಕುಟುಂಬಗಳು ಸಿಕ್ಕವು. ಅವರ ಮನೆಗಳಲ್ಲಿ ಓಲೆಗರಿಯ ಪ್ರತಿಗಳಿದ್ದವು. ಹೊರಗಿನ ಲೋಕ ಕಳೆದುಹೋಯಿತು ಎಂದುಕೊಂಡಿದ್ದನ್ನು ಅವರು ಪೂರ್ತಿ ಬಿಟ್ಟೇ ಇರಲಿಲ್ಲ.

ಓಲೆಗರಿ ಸಿಕ್ಕರೂ ಓದುವವರು ಬೇಕು

ಬರವಣಿಗೆಯ ಕಥೆ ಬೇರೆ. ತಾಳೆಗರಿಯ ಮೇಲೆ ಕಂಟ ಎಂಬ ಮೊನಚಾದ ಕಬ್ಬಿಣದ ಕಡ್ಡಿಯಿಂದ ಕೊರೆದು, ಮಸಿ ಸವರಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ನಮ್ಮ ಸೆಕೆ, ಮಳೆ, ಹುಳುಗಳ ನಡುವೆ ಅದರ ಆಯುಸ್ಸು ಕೆಲವು ನೂರು ವರ್ಷ ಅಷ್ಟೇ. ಹಾಗಾಗಿ ಹಳೆಯ ಪ್ರತಿ ಸವೆಯುವ ಮೊದಲು ಹೊಸದು ಬರೆದಿಡಬೇಕಿತ್ತು. ಪ್ರತಿ ಮಾಡುವುದೇ ಪುಣ್ಯದ ಕೆಲಸ ಎಂಬ ನಂಬಿಕೆ ಇತ್ತು. ನವರಾತ್ರಿಯ ಸರಸ್ವತಿ ಪೂಜೆಗೆ ಕಟ್ಟುಗಳನ್ನು ಹೊರತೆಗೆದು ಒರೆಸಿ ಇಡುವ ರೂಢಿಯಿಂದ ವರ್ಷಕ್ಕೊಮ್ಮೆಯಾದರೂ ಹುಳು ಹಿಡಿದಿದೆಯೇ ಎಂದು ಯಾರಾದರೂ ನೋಡುವಂತಾಗಿತ್ತು. ಅಚ್ಚಿನ ಪುಸ್ತಕ ಬಂದ ಮೇಲೆ ಪ್ರತಿ ಮಾಡುವುದು ನಿಂತಿತು. ಓದಲು ಬರದ ಕಟ್ಟುಗಳನ್ನು ಎಷ್ಟೋ ಮನೆಯವರು ಭಕ್ತಿಯಿಂದಲೇ ನದಿಗೆ ಬಿಟ್ಟರು.

ಒಂದು ಕಟ್ಟು ಸರಿಯಾದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. ಅಲ್ಲಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ‘ಗ್ರಂಥ’ ಎಂಬ ಹೆಸರಿನ ದಕ್ಷಿಣದ ಹಳೆಯ ಲಿಪಿಯ ಒಂದು ಓಲೆಕಟ್ಟನ್ನು ಅಲ್ಲಿಗೆ ಕೊಟ್ಟುಹೋಗಿದ್ದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಓದಿ ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳಿಂದ ಇತರ ಗ್ರಂಥಗಳಲ್ಲಿ ಉಲ್ಲೇಖವಾಗಿ ಮಾತ್ರ ಕಾಣುತ್ತಿದ್ದ ಕೃತಿ 1909ರಲ್ಲಿ ಅಚ್ಚಾಗಿ ಹೊರಬಂತು. ಆ ಲಿಪಿ ಓದಲು ಬರುವವರು ಅಲ್ಲಿ ಇರದಿದ್ದರೆ ಅದು ಇನ್ನೂ ಎಷ್ಟು ಕಾಲ ಕಪಾಟಿನಲ್ಲೇ ಕೂತಿರುತ್ತಿತ್ತೋ!

ಇವತ್ತಿನ ಡಿಜಿಟಲ್ ಕೆಲಸದ ಮಿತಿ ಇರುವುದೂ ಇಲ್ಲೇ. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರುಮಾಡಿತು. 2025ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗೆ ಜ್ಞಾನ ಭಾರತಂ ಮಿಷನ್ ಪ್ರಕಟವಾಯಿತು. ತುಂಬ ಅಗತ್ಯವಾದ ಕೆಲಸ, ತಡವಾಗಿಯಾದರೂ ಆಗುತ್ತಿದೆ. ಆದರೆ ಸ್ಕ್ಯಾನ್ ಮಾಡಿದರೆ ಸಿಗುವುದು ಗರಿಯ ಫೋಟೊ. ಅದರಲ್ಲಿ ಏನಿದೆ ಎಂದು ಹೇಳಲು ಲಿಪಿಯೂ ಗೊತ್ತಿರಬೇಕು, ಭಾಷೆಯೂ ಗೊತ್ತಿರಬೇಕು, ಆ ಶಾಸ್ತ್ರದ ಪರಿಚಯವೂ ಇರಬೇಕು. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಸಂಸ್ಕೃತ ಗ್ರಂಥಗಳು ತಿಗಳಾರಿ ಲಿಪಿಯಲ್ಲಿವೆ. ಇನ್ನು ಕೆಲವು ನಂದಿನಾಗರಿಯಲ್ಲಿವೆ. ಕನ್ನಡ, ಸಂಸ್ಕೃತ ಎರಡೂ ಚೆನ್ನಾಗಿ ಬಲ್ಲವರಿಗೂ ತಿಗಳಾರಿ ಕಟ್ಟು ಕೊಟ್ಟರೆ ಒಂದು ಸಾಲು ಓದಲಾಗದು. ನಂದಿನಾಗರಿ ಯೂನಿಕೋಡಿಗೆ ಸೇರಿದ್ದು 2019ರಲ್ಲಿ, ತುಳು-ತಿಗಳಾರಿ ಸೇರಿದ್ದು 2024ರಲ್ಲಿ. ಕಂಪ್ಯೂಟರಿನಲ್ಲಿ ಆ ಅಕ್ಷರಗಳಿಗೆ ಒಂದು ಗೊತ್ತಾದ ಸ್ಥಾನ ಸಿಕ್ಕಿದ್ದೇ ಮೊನ್ನೆ ಮೊನ್ನೆ ಎಂದ ಹಾಗಾಯಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಕಾಲೇಜಿನಲ್ಲಿ ಹತ್ತು ಮಕ್ಕಳಿಗೆ ಹಳೆಯ ಲಿಪಿ ಕಲಿಸುವುದು ಸಾವಿರ ಕಟ್ಟು ಸ್ಕ್ಯಾನ್ ಮಾಡುವುದಕ್ಕಿಂತ ಕಡಿಮೆ ಕೆಲಸವೇನಲ್ಲ.

ಅರ್ಥ ದಾಟಿಸಿದವರು

ಶಬ್ದ ಉಳಿಯಿತು, ಗರಿ ಉಳಿಯಿತು ಎಂದುಕೊಳ್ಳೋಣ. ಅರ್ಥ? ಸಾಯಣಾಚಾರ್ಯರು 14ನೇ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ವೇದಗಳಿಗೆ ಭಾಷ್ಯ ಬರೆದರು. ಆ ಕಾಲಕ್ಕೇ ಮಂತ್ರಗಳ ಭಾಷೆ ಜನರಿಗೆ ತುಂಬ ದೂರದ್ದಾಗಿತ್ತು. ಭಾಷ್ಯವಿಲ್ಲದೆ ಅರ್ಥವಾಗದ ಸ್ಥಿತಿ. ಇಪ್ಪತ್ತನೇ ಶತಮಾನದಲ್ಲಿ ಜಯಚಾಮರಾಜ ಒಡೆಯರ್ ಅವರ ಆಶ್ರಯದಲ್ಲಿ ಋಗ್ವೇದವೂ ಸಾಯಣಭಾಷ್ಯವೂ ಕನ್ನಡ ಅನುವಾದದ ಜೊತೆ ಅನೇಕ ಸಂಪುಟಗಳಲ್ಲಿ ಬಂದವು. ಕನ್ನಡಿಗರಿಗೆ ಇದೊಂದು ದೊಡ್ಡ ಆಸ್ತಿ. ತೆಗೆದು ಓದುವವರು ಇನ್ನೂ ಹೆಚ್ಚಬೇಕು.

ಆದರೆ ಊರೂರಿಗೆ ಅರ್ಥ ತಲುಪಿಸಿದ್ದು ಭಾಷ್ಯಗಳಲ್ಲ. ಗದುಗಿನ ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವಗಳ ಭಾರತ ಹೇಳಿದ. ಗಮಕಿಗಳು ಅದನ್ನು ರಾಗವಾಗಿ ಓದಿದರು, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಪದ್ಯ ಪದ್ಯಕ್ಕೂ ಅರ್ಥ ಬಿಡಿಸಿದರು. ಓದು ಬರದವರಿಗೂ ಕರ್ಣನ ಸಂಕಟ ಗೊತ್ತಾಗಿದ್ದು ಹೀಗೆ. ಶಿವಮೊಗ್ಗ ಹತ್ತಿರದ ಹೊಸಹಳ್ಳಿ ಇವತ್ತಿಗೂ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೃಷ್ಣನಾಗಿ, ಕೌರವನಾಗಿ ರಾತ್ರಿಯಿಡೀ ಧರ್ಮದ ಪ್ರಶ್ನೆಗಳನ್ನು ವಾದ ಮಾಡುತ್ತಾರೆ. ಬರೆದಿಟ್ಟ ಮಾತು ಅಲ್ಲಿಲ್ಲ, ಆಗಿಂದಾಗ್ಗೆ ಹುಟ್ಟಬೇಕು. ಮೂಲ ಗ್ರಂಥದ ಮೇಲೆ ಹಿಡಿತ ಇಲ್ಲದವರು ಆ ವೇದಿಕೆಯಲ್ಲಿ ಹತ್ತು ನಿಮಿಷ ನಿಲ್ಲಲಾರರು. ದಾಸರ ಪದಗಳು, ಹರಿಕಥೆ, ಶಿವಶರಣರ ವಚನಗಳು ಕೂಡ ಇದೇ ಕೆಲಸ ಮಾಡಿದವು.

ವೇದ ಕಲಿಯುವ ಅವಕಾಶ ಬಹುಕಾಲ ಕೆಲವೇ ಮನೆಗಳ ಗಂಡುಮಕ್ಕಳಿಗೆ ಮಾತ್ರ ಇತ್ತು. ಹೆಂಗಸರನ್ನೂ ಬೇರೆ ಜಾತಿಯವರನ್ನೂ ಹೊರಗೆ ಇಟ್ಟಿದ್ದರು. ಇದನ್ನು ಮುಚ್ಚಿಟ್ಟು ಪರಂಪರೆಯ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು. ಬಾಗಿಲು ಕಿರಿದಾದಷ್ಟೂ ಕಲಿಯುವವರು ಕಡಿಮೆ. ಕಲಿಯುವವರು ಕಡಿಮೆಯಾದಷ್ಟೂ ಸಾಲು ಬೇಗ ಕಡಿಯುತ್ತದೆ. ಈಗ ಬಾಗಿಲು ನಿಧಾನಕ್ಕೆ ತೆರೆಯುತ್ತಿದೆ. ಪುಣೆಯಲ್ಲಿ ಹೆಣ್ಣುಮಕ್ಕಳು ಪೌರೋಹಿತ್ಯ ಕಲಿತು ಮದುವೆ, ಪೂಜೆ ಮಾಡಿಸಲು ತೊಡಗಿ ದಶಕಗಳೇ ಆಗಿವೆ.

ಹಾಗೆಯೇ, ಹಿಂದೂ ಗ್ರಂಥ ಅಂದರೆ ಸಂಸ್ಕೃತದ್ದು ಮಾತ್ರ ಅಂದುಕೊಳ್ಳುವುದೂ ತಪ್ಪು. ಕಂಸಾಳೆಯವರು ಹಾಡುವ ಮಲೆ ಮಹದೇಶ್ವರನ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ರಾತ್ರಿಗಟ್ಟಲೆ ಸಾಗುವ ದೊಡ್ಡ ಕೃತಿಗಳು. ಅವಕ್ಕೆ ಪದಪಾಠ, ಘನಪಾಠದ ಕಾವಲಿಲ್ಲ. ಹಾಡುವವರ ಮಕ್ಕಳು ಬೇರೆ ಕೆಲಸಕ್ಕೆ ಹೋದರೆ ಆ ಕಾವ್ಯವನ್ನು ಹಾಗೇ ಹಾಡುವವರು ಯಾರೂ ಇರುವುದಿಲ್ಲ. ಜಾನಪದ ವಿದ್ವಾಂಸರು ಸಂಗ್ರಹಿಸಿ ಅಚ್ಚು ಮಾಡಿದ್ದು ದೊಡ್ಡ ಉಪಕಾರ. ಆದರೂ ಅಚ್ಚಾದ ಸಾಲಿನಲ್ಲಿ ಕಂಸಾಳೆಯ ಕುಣಿತವಿಲ್ಲ, ಸೊಲ್ಲು ಹೇಳುವ ದನಿಯಿಲ್ಲ. ನನಗೆ ಅತಿ ಹೆಚ್ಚು ಆತಂಕ ಇರುವುದು ಇವುಗಳ ಬಗ್ಗೆಯೇ.

ಪಾಠಾಂತರ ಅಂದರೆ ಭಯ ಬೇಡ

ಪುಣೆಯ ಭಂಡಾರಕರ್ ಪ್ರಾಚ್ಯ ವಿದ್ಯಾ ಸಂಸ್ಥೆ 1919ರಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯ ಕೆಲಸ ಕೈಗೆತ್ತಿಕೊಂಡಿತು. ಕಾಶ್ಮೀರದಿಂದ ಕೇರಳದವರೆಗೆ ಹಲವು ಲಿಪಿಗಳ 1,259 ಹಸ್ತಪ್ರತಿಗಳನ್ನು ಪದ ಪದ ಹೋಲಿಸಿದರು. ವಿ.ಎಸ್. ಸುಕ್ತಂಕರ್ 1925ರಿಂದ 1943ರಲ್ಲಿ ತೀರಿಕೊಳ್ಳುವವರೆಗೆ ಪ್ರಧಾನ ಸಂಪಾದಕರಾಗಿದ್ದರು. ಕೆಲಸ ಮುಗಿದದ್ದು 1966ರಲ್ಲಿ. ಹತ್ತಿರ ಹತ್ತಿರ ಅರ್ಧ ಶತಮಾನ!

ಆ ಕೆಲಸದಲ್ಲಿ ಹೊರಬಿದ್ದ ಒಂದು ವಿಷಯ ಕೇಳಿದರೆ ಎಷ್ಟೋ ಜನ ಬೆಚ್ಚುತ್ತಾರೆ. ವ್ಯಾಸರು ಹೇಳುತ್ತಾ ಹೋದರು, ಗಣಪತಿ ಬರೆದುಕೊಂಡ ಎಂಬ ಕಥೆ ನಮಗೆಲ್ಲ ಪ್ರೀತಿಯದು. ಅದು ಎಲ್ಲ ಪ್ರತಿಗಳಲ್ಲಿ ಇಲ್ಲ. ಹಾಗಾಗಿ ಸಂಪಾದಕರು ಅದನ್ನು ಮೂಲದಿಂದ ತೆಗೆದು ಅನುಬಂಧಕ್ಕೆ ಹಾಕಿದರು. ಇದರಿಂದ ಕಥೆ ಸುಳ್ಳಾಗಲಿಲ್ಲ, ನಂಬಿಕೆಯೂ ಮುಕ್ಕಾಗಲಿಲ್ಲ. ಯಾವ ಕಾಲದಲ್ಲೋ ಯಾವುದೋ ಪ್ರದೇಶದ ಭಕ್ತರು ಅದನ್ನು ಸೇರಿಸಿದರು, ಉಳಿದವರು ಒಪ್ಪಿ ಉಳಿಸಿಕೊಂಡರು ಎಂದಷ್ಟೇ ಗೊತ್ತಾಯಿತು. ವೇದದಲ್ಲಿ ಒಂದು ಸ್ವರವನ್ನೂ ಬದಲಿಸದ ಅದೇ ಸಮಾಜ ಇತಿಹಾಸ, ಪುರಾಣಗಳನ್ನು ಬೆಳೆಯಲು ಬಿಟ್ಟಿತು. ಶ್ರುತಿ (ವೇದ), ಸ್ಮೃತಿ (ಇತಿಹಾಸ, ಪುರಾಣ ಮುಂತಾದವು) ಎಂಬ ವಿಂಗಡಣೆ ಗೊತ್ತಿದ್ದರೆ ಇದರಲ್ಲಿ ಗೊಂದಲವೇ ಇಲ್ಲ. ಗೊತ್ತಿಲ್ಲದವರು ಒಂದು ಪಾಠಾಂತರ, ಅಂದರೆ ಪ್ರತಿಯಿಂದ ಪ್ರತಿಗೆ ಒಂದು ವ್ಯತ್ಯಾಸ, ಕಂಡರೆ ಧರ್ಮಕ್ಕೇ ಕುತ್ತು ಬಂತು ಎಂದುಕೊಳ್ಳುತ್ತಾರೆ.

ಗೊತ್ತಿಲ್ಲದಿದ್ದಾಗ ಇನ್ನೊಂದು ಅಪಾಯವೂ ಇದೆ. ಮೊಬೈಲಿನಲ್ಲಿ ‘ಅಹಿಂಸಾ ಪರಮೋ ಧರ್ಮಃ, ಧರ್ಮಹಿಂಸಾ ತಥೈವ ಚ’ ಎಂಬ ಸಾಲು ಮಹಾಭಾರತದ್ದು ಅಂತ ಓಡಾಡುತ್ತಿರುತ್ತದೆ. ಮೊದಲ ಅರ್ಧ ಮಹಾಭಾರತದಲ್ಲಿ ಇದೆ. ಅನುಶಾಸನ ಪರ್ವದಲ್ಲಿ ಅದು ‘ಅಹಿಂಸಾ ಪರಮೋ ಧರ್ಮಸ್ತಥಾಹಿಂಸಾ ಪರೋ ದಮಃ’ ಎಂದು ಮುಂದುವರಿದು, ಅಹಿಂಸೆಯನ್ನೇ ಮತ್ತೆ ಮತ್ತೆ ಹೊಗಳುತ್ತದೆ. ಆ ಎರಡನೇ ಅರ್ಧವನ್ನು ಪರಿಷ್ಕೃತ ಆವೃತ್ತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾರೋ ಜೋಡಿಸಿದ್ದು. ಗ್ರಂಥವನ್ನು ಪ್ರೀತಿಸುವವರೇ ಅದರ ಹೆಸರಿನಲ್ಲಿ ಇಲ್ಲದ ಮಾತು ಹಂಚಿದರೆ ಹೇಗೆ? ಶ್ಲೋಕ ಬಂದರೆ ಯಾವ ಗ್ರಂಥ, ಎಷ್ಟನೇ ಅಧ್ಯಾಯ, ಎಷ್ಟನೇ ಶ್ಲೋಕ ಎಂದು ಕೇಳಿ. ‘ಯದಾ ಯದಾ ಹಿ ಧರ್ಮಸ್ಯ’ ಗೀತೆಯ ನಾಲ್ಕನೇ ಅಧ್ಯಾಯದ ಏಳನೇ ಶ್ಲೋಕ ಎಂದು ಥಟ್ಟನೆ ತೋರಿಸಬಹುದು. ಹಾಗೆ ತೋರಿಸಲಾಗದ್ದನ್ನು ಮುಂದೆ ಕಳಿಸಬೇಡಿ.

ಗುರುತು ಉಳಿದದ್ದು ಜೊತೆಗೆ ಕೂತು ಓದಿದ್ದರಿಂದ

ದೇವಸ್ಥಾನ ಇಲ್ಲ, ಪುರೋಹಿತರಿಲ್ಲ, ಊರಿನವರಿಲ್ಲ. ಅಂಥ ಕಡೆ ಹಿಂದೂ ಗುರುತು ಉಳಿಯುತ್ತದಾ? ಫಿಜಿಯಲ್ಲಿ ಉಳಿಯಿತು. 1879ರಿಂದ 1916ರವರೆಗೆ ಬ್ರಿಟಿಷರು ಸುಮಾರು 60,000 ಭಾರತೀಯರನ್ನು ಕಬ್ಬಿನ ತೋಟಗಳ ಕೂಲಿಗೆ ಅಲ್ಲಿಗೆ ಸಾಗಿಸಿದರು. ಐದು ವರ್ಷದ ಕರಾರು, ಕಠಿಣ ದುಡಿಮೆ. ಹಡಗಿನಲ್ಲಿ, ಕೂಲಿ ಸಾಲುಮನೆಗಳಲ್ಲಿ ಜಾತಿಯ ಕಟ್ಟುಪಾಡು ಸಡಿಲವಾಯಿತು. ಅವರ ಕೈ ಹಿಡಿದಿದ್ದು ತುಳಸೀದಾಸರ ರಾಮಚರಿತಮಾನಸ. ಮಂಡಳಿ ಕಟ್ಟಿಕೊಂಡು, ಢೋಲಕ್ ಬಾರಿಸುತ್ತಾ, ಜೊತೆಗೆ ಕೂತು ಹಾಡಿದರು. ಓದು ಬಂದವರು ಹೇಳಿದರು, ಬರದವರು ಕೇಳಿ ಕಲಿತರು. ಆ ರಾಮಾಯಣ ಮಂಡಳಿಗಳು ಇವತ್ತಿಗೂ ನಡೆಯುತ್ತಿವೆ. ಬಾಲಿಯಲ್ಲೂ ಇಂಥದ್ದೇ ರೂಢಿ ಇದೆ. ಒಬ್ಬರು ಹಳೆಯ ಕಾವಿ ಭಾಷೆಯ ಕಾವ್ಯ ಓದುತ್ತಾರೆ, ಇನ್ನೊಬ್ಬರು ಬಾಲಿ ಭಾಷೆಯಲ್ಲಿ ಅರ್ಥ ಹೇಳುತ್ತಾರೆ. ನಮ್ಮ ಗಮಕ ಹೇಗೋ ಹಾಗೇ.

ಎರಡೂ ಕಡೆ ಅರ್ಥವಾಗುವ ಭಾಷೆಯಲ್ಲಿ, ದನಿ ಎತ್ತಿ, ಜೊತೆಗೆ ಕೂತು ಓದಿದರು. ಮನೆಯಲ್ಲಿ ಶುರುಮಾಡಲು ಇಷ್ಟೇ ಸಾಕು. ದಿನಕ್ಕೆ ಎರಡು ಷಟ್ಪದಿ, ಇಲ್ಲವೇ ಗೀತೆಯ ಎರಡು ಶ್ಲೋಕ. ಮಗು ಅರ್ಥ ಕೇಳಿದಾಗ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ‘ಹಾಗೆಲ್ಲ ಕೇಳಬಾರದು’ ಅಂತ ಮಾತ್ರ ಹೇಳಬೇಡಿ. ಕಠೋಪನಿಷತ್ತು ಪೂರ್ತಿ ನಿಂತಿರುವುದೇ ನಚಿಕೇತ ಎಂಬ ಹುಡುಗನ ಪ್ರಶ್ನೆಗಳ ಮೇಲೆ.

ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಈ ತಿಂಗಳೇ ರೆಕಾರ್ಡ್ ಮಾಡಿ. ಸಂಪ್ರದಾಯದ ಹಾಡು, ಹಸೆ ಹಾಡು, ಕುಲದೇವರ ಪದ, ಏನಾದರೂ ಸರಿ. ಯಾರು ಹಾಡಿದ್ದು, ಯಾರಿಂದ ಕಲಿತದ್ದು, ಯಾವ ಸಂದರ್ಭಕ್ಕೆ ಹಾಡುವುದು ಎಂದು ಅವರ ಬಾಯಿಂದಲೇ ಹೇಳಿಸಿ. ಇದಿಲ್ಲದಿದ್ದರೆ ಮುಂದೆ ಕೇಳುವವರಿಗೆ ಅದರ ತಲೆಬುಡ ತಿಳಿಯುವುದಿಲ್ಲ. ಓಲೆಗರಿ ಕಟ್ಟು ಇದ್ದರೆ ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ, ನೀರು ಸೋಕಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣ ಬಟ್ಟೆಯಲ್ಲಿ ಸುತ್ತಿ, ಗರಿಗಳ ಕ್ರಮ ತಪ್ಪದಂತೆ ಇಟ್ಟು, ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತೋರಿಸಿ. ‘ಕಟ್ಟು ನಮ್ಮಲ್ಲೇ ಇರಲಿ, ಸ್ಕ್ಯಾನ್ ಮಾತ್ರ ಮಾಡಿಕೊಡಿ’ ಎಂದು ಅವರನ್ನು ಕೇಳಿಕೊಳ್ಳಬಹುದು.